ಎರಡನೆಯ ಮಾತು ಕೇಳುವವರೆಗೆ



ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಎಂಬ ಗಾದೆ ನಮಗೆಲ್ಲ ಗೊತ್ತು. ಕದ್ದವನು ತಾನಾಗಿಯೇ ಸಿಕ್ಕಿಬಿದ್ದ ಎಂದು ನಗುವುದಕ್ಕೆ ಅದನ್ನು ಬಳಸುತ್ತೇವೆ. ಕ್ರಿಮಿನಲ್ ಕೋರ್ಟಿನಲ್ಲೇ ತಲೆ ನರೆಸಿಕೊಂಡ ನನಗೆ ಆ ಗಾದೆಯ ಮೇಲೊಂದು ತಕರಾರಿದೆ. ಊರಿಗೆ ಊರೇ ಒಬ್ಬನ ಹೆಗಲನ್ನು ದಿಟ್ಟಿಸಿ ನೋಡುತ್ತಾ ನಿಂತರೆ, ಜನ್ಮದಲ್ಲಿ ಕುಂಬಳಕಾಯಿ ಮುಟ್ಟದವನೂ ಒಮ್ಮೆ ಹೆಗಲು ಸವರಿಕೊಳ್ಳುತ್ತಾನೆ. ಅಷ್ಟಕ್ಕೇ ಊರು ‘ಸಿಕ್ಕಿಬಿದ್ದ’ ಎನ್ನುತ್ತದೆ.

ಆರೋಪ ಸಾಬೀತಾಗುವವರೆಗೆ ಯಾರನ್ನೇ ಆಗಲಿ ನಿರಪರಾಧಿ ಎಂದೇ ಭಾವಿಸಬೇಕು ಎಂಬ ತತ್ವ ಕೋರ್ಟಿನೊಳಗೆ ಹೇಗೆ ನಡೆಯುತ್ತದೆ ಎಂಬುದನ್ನು ಕಾಲೇಜಿನಲ್ಲಿ ಕಲಿಸುತ್ತಾರೆ. ಅದಕ್ಕೆ ಹೆಸರಾದ 1935ರ ವೂಲ್ಮಿಂಗ್ಟನ್ ಪ್ರಕರಣವನ್ನು ಇಲ್ಲಿರುವ ಕಾನೂನು ವಿದ್ಯಾರ್ಥಿಗಳು ಪರೀಕ್ಷೆಗೆಂದು ಓದಿಯೇ ಇರುತ್ತೀರಿ. ಆ ದಾರಿಯನ್ನು ನಾನು ಹಿಡಿಯುವುದಿಲ್ಲ. ಕೋರ್ಟಿನ ಮೆಟ್ಟಿಲು ಹತ್ತುವ ಮುಂಚೆ ಠಾಣೆಯಲ್ಲಿ, ಪತ್ರಿಕಾಗೋಷ್ಠಿಯಲ್ಲಿ, ಟಿ.ವಿ.ಯಲ್ಲಿ, ಚಹಾದಂಗಡಿಯಲ್ಲಿ ಆ ತತ್ವದ ಗತಿ ಏನಾಗುತ್ತದೆ ಎಂಬುದಷ್ಟೇ ನನ್ನ ವಿಷಯ. ಅದಕ್ಕೆ ನಮ್ಮವರೇ ಒಬ್ಬರ ಪ್ರಕರಣವನ್ನು ತೆಗೆದುಕೊಳ್ಳುತ್ತೇನೆ. ಅದು ನಡೆದದ್ದು ಮಾತ್ರ ಆಸ್ಟ್ರೇಲಿಯಾದಲ್ಲಿ.

ಡಾ. ಮೊಹಮ್ಮದ್ ಹನೀಫ್ ಬೆಂಗಳೂರಿನಲ್ಲಿ ವೈದ್ಯಕೀಯ ಓದಿ, ಇಂಗ್ಲೆಂಡಿನಲ್ಲಿ ಕೆಲಸ ಮಾಡಿ, ನಂತರ ಗೋಲ್ಡ್ ಕೋಸ್ಟ್ ಆಸ್ಪತ್ರೆ ಸೇರಿದವರು. 2007ರ ಜೂನ್ 30ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಮಾನ ನಿಲ್ದಾಣಕ್ಕೆ ಉರಿಯುವ ಜೀಪು ನುಗ್ಗಿತು. ಅದರಲ್ಲಿದ್ದ ಬೆಂಗಳೂರಿನ ಕಫೀಲ್ ಅಹ್ಮದ್ ಇವರಿಗೆ ಸಂಬಂಧಿ. ಎರಡು ದಿನದ ನಂತರ ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಹನೀಫ್ ಬಂಧನವಾಯಿತು. ಕೈಯಲ್ಲಿದ್ದದ್ದು ಭಾರತಕ್ಕೆ ಹೋಗುವ ಟಿಕೆಟ್ಟು ಮಾತ್ರ, ವಾಪಸು ಬರುವುದು ಇರಲಿಲ್ಲ. ಹಿಂದಿನ ವರ್ಷ ಇಂಗ್ಲೆಂಡ್ ಬಿಡುವಾಗ, ಪ್ಲಾನಿನಲ್ಲಿ ಇನ್ನೂ ಉಚಿತ ಕರೆಗಳು ಉಳಿದಿದ್ದ ತಮ್ಮ ಸಿಮ್ ಕಾರ್ಡನ್ನು ಕಫೀಲನ ತಮ್ಮನಿಗೆ ಕೊಟ್ಟು ಬಂದಿದ್ದರು. ನಮ್ಮ ಮನೆಗಳಲ್ಲಿ ದಿನಬೆಳಗಾದರೆ ಮಾಡುವ ಕೆಲಸ ಅದು.

ಆಮೇಲೆ ನಡೆದದ್ದನ್ನು ಗಮನಿಸಿ. ಆರೋಪ ಹೊರಿಸದೆಯೇ ಅವರನ್ನು ಹನ್ನೆರಡು ದಿನ ಹಿಡಿದಿಟ್ಟರು. ಭಯೋತ್ಪಾದಕ ಸಂಘಟನೆಗೆ ವಿವೇಚನೆಯಿಲ್ಲದೆ ನೆರವಾದರು ಎಂದು ಜುಲೈ 14ರಂದು ಆರೋಪ ಹೊರಿಸಿದರು. ಸಿಮ್ ಕಾರ್ಡು ಗ್ಲಾಸ್ಗೋದಲ್ಲಿ ಉರಿದ ಜೀಪಿನೊಳಗೆ ಸಿಕ್ಕಿತು ಎಂದು ಸರ್ಕಾರಿ ವಕೀಲರು ಕೋರ್ಟಿನಲ್ಲಿ ಹೇಳಿದರು. ಹತ್ತು ಸಾವಿರ ಡಾಲರುಗಳ ಭದ್ರತೆಯ ಮೇಲೆ ಮ್ಯಾಜಿಸ್ಟ್ರೇಟ್ ಜಾಕಿ ಪೇನ್ 16ರಂದು ಜಾಮೀನು ಕೊಟ್ಟರು. ಅದೇ ದಿನ, ಕೆಲವೇ ಗಂಟೆಗಳಲ್ಲಿ, ಹನೀಫ್ ಅವರ ವೀಸಾವನ್ನು ವಲಸೆ ಸಚಿವ ಕೆವಿನ್ ಆಂಡ್ರೂಸ್ ರದ್ದು ಮಾಡಿದರು. ಕೋರ್ಟು ಬಿಡು ಎಂದವನನ್ನು ಸರ್ಕಾರ ಬೇರೊಂದು ಬಾಗಿಲಿನಿಂದ ಒಳಗೆ ಹಾಕಿಕೊಂಡಿತು. ಗೋಲ್ಡ್ ಕೋಸ್ಟ್‌ನ ಎತ್ತರದ ಕಟ್ಟಡವೊಂದಕ್ಕೆ ಈ ವೈದ್ಯ ಗುರಿಯಿಟ್ಟಿದ್ದ ಎಂಬ ಅರ್ಥದ ಸುದ್ದಿಯೂ ಪತ್ರಿಕೆಯಲ್ಲಿ ಬಂತು. ಅದು ಸುಳ್ಳೆಂದು ಪೊಲೀಸ್ ಮುಖ್ಯಸ್ಥರೇ ಹೇಳಬೇಕಾಯಿತು.

ಆಗ ಹನೀಫ್ ಪರ ವಕೀಲ ಸ್ಟೀಫನ್ ಕೀಮ್ ಒಂದು ಕೆಲಸ ಮಾಡಿದರು. ಪೊಲೀಸರು ಹನೀಫ್ ಅವರನ್ನು ಮೊದಲ ಸಲ ವಿಚಾರಣೆ ಮಾಡಿದ್ದರ 142 ಪುಟಗಳ ದಾಖಲೆಯನ್ನು ಪತ್ರಿಕೆಗೆ ಕೊಟ್ಟುಬಿಟ್ಟರು. ಒಂದೇ ಕಡೆಯ ಟಿಕೆಟ್ಟು ಯಾಕೆಂಬುದಕ್ಕೆ ಆರೋಪಿ ವಿವರಣೆ ಕೊಟ್ಟಿಲ್ಲ ಎಂದು ಪೊಲೀಸರು ಕೋರ್ಟಿಗೆ ಬರೆದುಕೊಟ್ಟಿದ್ದರು. ವಿವರಣೆ ಆ ದಾಖಲೆಯಲ್ಲೇ ಇತ್ತು. ಬೆಂಗಳೂರಿನಲ್ಲಿ ಹೆಂಡತಿಗೆ ಹೆರಿಗೆಯಾಗಿದೆ, ಟಿಕೆಟ್ಟು ಕೊಡಿಸಿದ್ದು ಮಾವ ಎಂದು ಅವರು ಹೇಳಿದ್ದರು. ವಿಮಾನ ಹತ್ತುವ ಮುಂಚೆ, ತನಿಖೆ ನಡೆಸುತ್ತಿದ್ದ ಬ್ರಿಟಿಷ್ ಪೊಲೀಸ್ ಅಧಿಕಾರಿಗೆ ತಾವಾಗಿಯೇ ಫೋನು ಮಾಡಲು ಹಲವು ಸಲ ಪ್ರಯತ್ನಿಸಿದ್ದರು ಎಂಬುದೂ ಬಯಲಾಯಿತು. ಇನ್ನೆರಡು ದಿನಕ್ಕೆ, ಸಿಮ್ ಕಾರ್ಡು ಸಿಕ್ಕಿದ್ದು ಜೀಪಿನಲ್ಲಲ್ಲ, ನೂರಾರು ಮೈಲಿ ದೂರದ ಲಿವರ್‌ಪೂಲಿನಲ್ಲಿ ಎಂದು ಆಸ್ಟ್ರೇಲಿಯಾದ ಎಬಿಸಿ ವಾಹಿನಿ ವರದಿ ಮಾಡಿತು. ಜುಲೈ 27ರಂದು ಆರೋಪವನ್ನೇ ಹಿಂದಕ್ಕೆ ಪಡೆದರು. ವೀಸಾ ರದ್ದು ಮಾಡಿದ್ದೂ ತಪ್ಪೆಂದು ಫೆಡರಲ್ ಕೋರ್ಟ್ ಆಗಸ್ಟಿನಲ್ಲಿ ಹೇಳಿತು. ನಿವೃತ್ತ ನ್ಯಾಯಮೂರ್ತಿ ಜಾನ್ ಕ್ಲಾರ್ಕ್ ಅವರ ವಿಚಾರಣಾ ವರದಿ 2008ರ ಕೊನೆಗೆ ಹೊರಬಂತು. ಆರೋಪ ಹೊರಿಸಲು ಬೇಕಾದ ಸಾಕ್ಷ್ಯವೇ ಇರಲಿಲ್ಲ ಎಂದು ಅದು ಬರೆಯಿತು. 2010ರಲ್ಲಿ ಪರಿಹಾರವೂ ಬಂತು.

ಕೀಮ್ ಅವರ ನಡೆ ಸರಿಯೇ ಎಂದು ವಕೀಲರ ನಡುವೆ ಜಗಳವಿದೆ. ಅವರ ಮೇಲೆ ಪೊಲೀಸ್ ಮುಖ್ಯಸ್ಥರೇ ವೃತ್ತಿ ನಡತೆಯ ದೂರು ಕೊಟ್ಟರು, ಅದು ವಜಾ ಆಯಿತು. ಎರಡು ವರ್ಷದ ನಂತರ ಆ ದೇಶದ ಮಾನವ ಹಕ್ಕುಗಳ ಪದಕ ಕೂಡ ಅವರಿಗೇ ಬಂತು. ನನ್ನನ್ನು ಕೇಳಿದರೆ, ಸರ್ಕಾರ ತನಗೆ ಬೇಕಾದ್ದನ್ನಷ್ಟೇ ಬೀದಿಯಲ್ಲಿ ಹೇಳುತ್ತಿರುವಾಗ, ಉಳಿದದ್ದನ್ನು ಕೋರ್ಟಿನಲ್ಲಿ ಹೇಳೋಣ ಎಂದು ಸುಮ್ಮನೆ ಕೂರುವುದು ವಕೀಲನ ಸಜ್ಜನಿಕೆಯಲ್ಲ, ಕಕ್ಷಿದಾರನಿಗೆ ಬಗೆಯುವ ದ್ರೋಹ.

ನಾನು ಹೇಳಬೇಕೆಂದಿರುವ ಒಂದೇ ಮಾತು ಇಲ್ಲಿದೆ. ನಿರಪರಾಧಿ ಎಂಬ ಭಾವನೆಯನ್ನು ನಾವು ಆರೋಪಿಗೆ ತೋರುವ ಕರುಣೆ ಎಂದುಕೊಂಡಿದ್ದೇವೆ. ಅದು ಕರುಣೆಯಲ್ಲ. ಅಪರಾಧ ನಡೆದಾಗ ಕಥೆಯನ್ನು ಮೊದಲು ಹೇಳುವವರು ಪೊಲೀಸರು. ಬೇರೆ ಯಾರಿಗೂ ಆ ಅನುಕೂಲವಿಲ್ಲ. ಕಥೆಯ ಇನ್ನೊಬ್ಬ ಪಾತ್ರಧಾರಿ ಲಾಕಪ್ಪಿನಲ್ಲಿರುತ್ತಾನೆ. ಮೊದಲು ಹೇಳಿದರು ಎಂಬ ಒಂದೇ ಕಾರಣಕ್ಕೆ ಅವರ ಕಥೆ ಗೆಲ್ಲಬಾರದು ಎಂಬ ಕಟ್ಟುಪಾಡು ಈ ತತ್ವ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುವ ನಾಡಿಗೆ ಇದು ಹೊಸದಾಗಬೇಕಿರಲಿಲ್ಲ.

ಕಾನೂನು ಇದನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡಿದೆ ನೋಡಿ. ನಮ್ಮ ಠಾಣೆಗಳಲ್ಲಿ ಆರೋಪಿಯಿಂದ ಬರೆಸಿಕೊಳ್ಳುವ ಕಾಗದಕ್ಕೆ ‘ಸ್ವ-ಇಚ್ಛಾ ಹೇಳಿಕೆ’ ಎಂದು ಹೆಸರು. ಪ್ರತಿ ಚಾರ್ಜ್‌ಶೀಟಿನಲ್ಲೂ ಒಂದಿರುತ್ತದೆ. ಊರು ಬೇರೆ, ಅಪರಾಧ ಬೇರೆ, ಓದುತ್ತಾ ಹೋದರೆ ಎಲ್ಲರ ಇಚ್ಛೆಯೂ ಒಂದೇ ವಾಕ್ಯರಚನೆಯಲ್ಲಿ ಹೊರಬಿದ್ದಿರುತ್ತದೆ! ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆ ಆರೋಪಿಯ ವಿರುದ್ಧ ಸಾಕ್ಷ್ಯವಲ್ಲ ಎಂದು 1872ರ ಸಾಕ್ಷ್ಯ ಅಧಿನಿಯಮದ 25ನೇ ಕಲಮು ಹೇಳಿತು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮಿನಲ್ಲೂ ಅದೇ ಇದೆ. ಆ ಹೇಳಿಕೆಯಿಂದ ಏನಾದರೂ ವಸ್ತು ಪತ್ತೆಯಾದರೆ, ಪತ್ತೆಗೆ ಸಂಬಂಧಪಟ್ಟಷ್ಟು ಮಾತು ಮಾತ್ರ ಒಳಗೆ ಬರುತ್ತದೆ. ಈ ಕಲಮನ್ನು ಬರೆದವರು ಸಂತರೇನಲ್ಲ, ಬ್ರಿಟಿಷ್ ಅಧಿಕಾರಿಗಳು. 1855ರಲ್ಲಿ ಮದ್ರಾಸ್ ಪ್ರಾಂತ್ಯದ ಚಿತ್ರಹಿಂಸಾ ಆಯೋಗದ ವರದಿ ಬಂದಿತ್ತು. ನಮ್ಮ ಬಳ್ಳಾರಿ, ಕೆನರಾ ಜಿಲ್ಲೆಗಳು ಆಗ ಆ ಪ್ರಾಂತ್ಯದಲ್ಲೇ ಇದ್ದವು. ಕಂದಾಯ ವಸೂಲಿಗೂ ತಪ್ಪೊಪ್ಪಿಸುವುದಕ್ಕೂ ಬೆರಳು ಹಿಸುಕುವ ಕಿಟ್ಟಿ, ಮೈ ಬಾಗಿಸಿ ಕಟ್ಟಿಹಾಕುವ ಶಿಕ್ಷೆ ಬಳಕೆಯಲ್ಲಿದ್ದದ್ದು ಅದರಲ್ಲಿ ದಾಖಲಾಗಿದೆ. ಹೊಡೆದು ಹೇಳಿಸಿದ ಮಾತಿನಿಂದ ರಾಜ್ಯವಾಳುವುದು ಕಷ್ಟ ಎಂಬುದು ಆಳುವವರಿಗೇ ಅರ್ಥವಾಗಿತ್ತು.

ಈಗಿನ ವಿಚಿತ್ರ ಏನೆಂದರೆ, ‘ಪೊಲೀಸರ ಮುಂದೆ ಎಲ್ಲವನ್ನೂ ಬಾಯಿಬಿಟ್ಟ’ ಎಂಬ ಸುದ್ದಿಯನ್ನು ಬೆಳಗಿನ ಚಹಾದ ಜೊತೆ ಇಡೀ ರಾಜ್ಯ ಓದುತ್ತದೆ. ಅದನ್ನು ನಂಬಬಾರದವರು ಆ ಪ್ರಕರಣದ ನ್ಯಾಯಾಧೀಶರೊಬ್ಬರೇ. ಮುಂದೊಂದು ದಿನ ಅವರು ಸಾಕ್ಷ್ಯ ಸಾಲದೆ ಆರೋಪಿಯನ್ನು ಬಿಟ್ಟರೆ, ‘ತಪ್ಪೊಪ್ಪಿಕೊಂಡವನನ್ನೇ ಬಿಟ್ಟುಬಿಟ್ಟರು, ದುಡ್ಡು ಕೆಲಸ ಮಾಡಿರಬೇಕು’ ಎಂದು ಊರು ಮಾತಾಡುತ್ತದೆ. ನ್ಯಾಯಾಲಯದ ಮೇಲಿನ ನಂಬಿಕೆ ಹೀಗೆ ಸವೆಯುತ್ತಿರುವುದರಲ್ಲಿ ಎಷ್ಟು ಪಾಲು ಕೋರ್ಟಿನದು, ಎಷ್ಟು ಪಾಲು ಆ ಮೊದಲ ದಿನದ ಸುದ್ದಿಯದು ಎಂದು ಯಾರೂ ಲೆಕ್ಕ ಹಾಕಿಲ್ಲ.

‘ಹಾಗಾದರೆ ಹಿಡಿದವರೆಲ್ಲ ಸಾಚಾಗಳೇ?’ ಎಂದು ಸಭೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತೀರಿ. ಇಲ್ಲ. 2012ರ ಆಗಸ್ಟ್ ಕೊನೆಯಲ್ಲಿ ಬೆಂಗಳೂರು ಪೊಲೀಸರು ಬೆಂಗಳೂರು, ಹುಬ್ಬಳ್ಳಿಗಳಲ್ಲಿ ಹಲವು ಯುವಕರನ್ನು ಭಯೋತ್ಪಾದನೆಯ ಸಂಚಿನ ಆರೋಪದಲ್ಲಿ ಬಂಧಿಸಿದರು. ಅವರಲ್ಲೊಬ್ಬ ಪತ್ರಕರ್ತ, ಇನ್ನೊಬ್ಬ ರಕ್ಷಣಾ ಸಂಶೋಧನೆಯಲ್ಲಿದ್ದ ತರುಣ. ಪತ್ರಕರ್ತನೇ ಸಂಚಿನ ಸೂತ್ರಧಾರ ಎಂದು ಸುದ್ದಿಯಾಯಿತು. ಸಹೋದ್ಯೋಗಿ ಬಳಗವೇ ಬರೆದ ಸುದ್ದಿ ಅದು. ರಾಷ್ಟ್ರೀಯ ತನಿಖಾ ಸಂಸ್ಥೆಗೆ ಈ ಇಬ್ಬರ ವಿರುದ್ಧ ಸಾಕ್ಷ್ಯ ಸಿಗಲಿಲ್ಲ. ಆರು ತಿಂಗಳ ನಂತರ, 2013ರ ಫೆಬ್ರುವರಿಯಲ್ಲಿ, ಹೊರಬಂದರು. ಅದೇ ಪ್ರಕರಣದ ಬೇರೆ ಹಲವರು 2016ರಲ್ಲಿ ನ್ಯಾಯಾಲಯದ ಮುಂದೆಯೇ ತಪ್ಪೊಪ್ಪಿಕೊಂಡು ಶಿಕ್ಷೆ ಅನುಭವಿಸಿದರು. ಎರಡೂ ಸತ್ಯ. ಬಂಧನದ ದಿನ ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದಾಗ, ಇವರಲ್ಲಿ ಯಾರು ಯಾವ ಗುಂಪಿನವರು ಎಂದು ನಿಮಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ನಿರಪರಾಧಿ ಎಂಬ ಭಾವನೆ ಬೇಕಾಗುವುದು ಆ ದಿನಕ್ಕೆ. ಎಲ್ಲ ಗೊತ್ತಾದ ಮೇಲೆ ಅದರ ಅಗತ್ಯ ಯಾರಿಗಿದೆ?

ಈ ತತ್ವಕ್ಕೆ ತದ್ವಿರುದ್ಧವಾದ ಕಾನೂನೊಂದನ್ನು ನಮ್ಮ ಉತ್ತರ ಕರ್ನಾಟಕದ ಸೀಮೆ ಕಣ್ಣಾರೆ ಕಂಡಿದೆ. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಕೆಲವು ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿ ಮಾಡಿತು. ಮುಂಬಯಿ ಪ್ರಾಂತ್ಯದ ಕಾಲದಲ್ಲಿ ವಿಜಯಪುರ, ಗದಗ, ಹುಬ್ಬಳ್ಳಿಗಳಲ್ಲಿ ಅವರಿಗಾಗಿ ಸೆಟ್ಲಮೆಂಟುಗಳನ್ನು ಕಟ್ಟಿದರು. ಅಲ್ಲಿ ಹಾಜರಿ ಹಾಕಬೇಕು, ಹೊರಗೆ ಹೋಗಲು ಪಾಸು ಬೇಕು. ಯಾವ ಅಪರಾಧಕ್ಕೆ ಎಂದು ಕೇಳುವ ಹಾಗಿರಲಿಲ್ಲ, ಏಕೆಂದರೆ ಆರೋಪವೇ ಇರಲಿಲ್ಲ, ಹೆಸರಿತ್ತು ಅಷ್ಟೇ. 1952ರಲ್ಲಿ ಕಾಯ್ದೆ ರದ್ದಾಯಿತು. ಹುಬ್ಬಳ್ಳಿಯ ಜನರ ಬಾಯಲ್ಲಿ ಆ ಭಾಗ ಇಂದಿಗೂ ಸೆಟ್ಲಮೆಂಟೇ. ಕಳ್ಳತನವಾದಾಗ ಮೊದಲು ಯಾವ ಓಣಿಗೆ ಜೀಪು ಹೋಗುತ್ತದೆ ಎಂಬುದನ್ನು ಗಮನಿಸಿದರೆ, ಕಾಯ್ದೆ ಪುಸ್ತಕದಿಂದ ಹೋದರೂ ಅಭ್ಯಾಸದಿಂದ ಹೋಗಿಲ್ಲ ಎಂದು ನನಗನ್ನಿಸುತ್ತದೆ.

ಮರ್ಯಾದೆ ಕಳೆಯುವುದಕ್ಕೆ ತೀರ್ಪು ಬೇಕಾಗಿಲ್ಲ, ಬೀದಿ ಸಾಕು. ಚೆಕ್ ಬೌನ್ಸ್ ಪ್ರಕರಣದ ವಾರಂಟಿನ ಮೇಲೆ ಬೆಳಗಾವಿ ಜಿಲ್ಲೆಯ ಕಾನೂನು ವಿದ್ಯಾರ್ಥಿಯೊಬ್ಬನಿಗೆ ಪೊಲೀಸರು ಕೋಳ ತೊಡಿಸಿ ಕರೆದೊಯ್ದರು. 2022ರ ಜೂನ್‌ನಲ್ಲಿ ಹೈಕೋರ್ಟಿನ ಧಾರವಾಡ ಪೀಠ ಅವನಿಗೆ ಎರಡು ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಕೋಳ ಹಾಕುವುದು ರೂಢಿಯಾಗಬಾರದು ಎಂದು ಸುಪ್ರೀಂ ಕೋರ್ಟ್ 1980ರಲ್ಲೇ ಹೇಳಿತ್ತು. ನಡುವೆ ನಲವತ್ತೆರಡು ವರ್ಷ ಕಳೆದಿವೆ. ಬಂಧಿತರನ್ನು ಮಾಧ್ಯಮದ ಮುಂದೆ ಮೆರವಣಿಗೆ ಮಾಡಬಾರದು ಎಂದು ಕೇಂದ್ರ ಗೃಹ ಸಚಿವಾಲಯ 2010ರ ಏಪ್ರಿಲ್‌ನಲ್ಲಿ ರಾಜ್ಯಗಳಿಗೆ ಬರೆಯಿತು. ಮಾಧ್ಯಮಗಳೊಂದಿಗೆ ಪೊಲೀಸರು ಹೇಗೆ ಮಾತಾಡಬೇಕೆಂಬ ಕೈಪಿಡಿ ಸಿದ್ಧಪಡಿಸಿ ಎಂದು 2023ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಹೇಳಬೇಕಾಯಿತು. ಮುಸುಕು ಹಾಕಿದವರು ಸಾಲಾಗಿ ಹಿಂದೆ, ಮುಂದೆ ಮೇಜಿನ ಮೇಲೆ ಒಡವೆ, ಮೊಬೈಲು, ಮಚ್ಚು, ನಡುವೆ ಅಧಿಕಾರಿಗಳು: ಆ ಫೋಟೊ ಇಲ್ಲದ ಜಿಲ್ಲಾ ಪುಟ ನಿಮಗೆ ಎಷ್ಟು ದಿನ ಸಿಕ್ಕೀತು?

ತಪ್ಪನ್ನೆಲ್ಲ ಪೊಲೀಸರ ತಲೆಗೇ ಕಟ್ಟುವುದು ನ್ಯಾಯವಲ್ಲ. ಕೊಲೆಯಾದ ಮರುದಿನವೇ ‘ಹಿಡಿದಿರಾ?’ ಎಂದು ಠಾಣೆಯ ಮುಂದೆ ಧರಣಿ ಕೂರುವವರು ನಾವು. 2019ರ ಡಿಸೆಂಬರ್ 6ರ ಬೆಳಿಗ್ಗೆ ಹೈದರಾಬಾದಿನ ಹೊರವಲಯದಲ್ಲಿ, ಪಶುವೈದ್ಯೆಯ ಅತ್ಯಾಚಾರ ಮತ್ತು ಕೊಲೆ ಪ್ರಕರಣದ ನಾಲ್ವರು ಆರೋಪಿಗಳು ಪೊಲೀಸರ ಗುಂಡಿಗೆ ಸತ್ತರು. ಜನ ಪೊಲೀಸರ ಮೇಲೆ ಹೂವಿನ ಪಕಳೆ ಚೆಲ್ಲಿದರು. ಆಗಿನ ಸೈಬರಾಬಾದ್ ಪೊಲೀಸ್ ಕಮಿಷನರ್ ಹುಬ್ಬಳ್ಳಿಯವರೆಂದು ನಮ್ಮ ಕಡೆಯ ಪತ್ರಿಕೆಗಳೂ ಹೆಮ್ಮೆಯಿಂದ ಬರೆದವು. ಆರೋಪಿಗಳು ಪಿಸ್ತೂಲು ಕಸಿದುಕೊಂಡು ಗುಂಡು ಹಾರಿಸಿದರು ಎಂಬ ಕಥೆ ನಂಬಲರ್ಹವಲ್ಲ, ಕೊಲ್ಲುವ ಉದ್ದೇಶದಿಂದಲೇ ಅವರ ಮೇಲೆ ಗುಂಡು ಹಾರಿಸಲಾಯಿತು ಎಂದು ಸುಪ್ರೀಂ ಕೋರ್ಟ್ ನೇಮಿಸಿದ ಸಿರ್ಪುರ್ಕರ್ ಆಯೋಗ ಹೇಳಿತು. ಸತ್ತವರಲ್ಲಿ ಮೂವರು ಅಪ್ರಾಪ್ತರಾಗಿದ್ದರು ಎಂದಿತು, ಹತ್ತು ಪೊಲೀಸರನ್ನು ಕೊಲೆ ಆರೋಪದಲ್ಲಿ ವಿಚಾರಣೆಗೆ ಒಳಪಡಿಸಲು ಶಿಫಾರಸು ಮಾಡಿತು. ವರದಿ ಹೊರಬಂದದ್ದು 2022ರ ಮೇ ತಿಂಗಳಲ್ಲಿ. ಆ ಹತ್ತು ಮಂದಿಗೂ, ಅವರ ವಿಚಾರಣೆ ನಡೆಯುವವರೆಗೆ, ನಾನು ಇಲ್ಲಿ ಹೇಳುತ್ತಿರುವ ತತ್ವವೇ ಅನ್ವಯ. ಆದರೆ ಆ ಹೆಣ್ಣುಮಗಳನ್ನು ಕೊಂದವರು ಇವರೇ ಎಂಬುದನ್ನು ಸಾಕ್ಷ್ಯ ಒರೆಗೆ ಹಚ್ಚಿ ತೀರ್ಮಾನಿಸುವ ದಾರಿ ಆ ಬೆಳಿಗ್ಗೆಯೇ ಮುಚ್ಚಿತು. ಅದು ಅವಳ ಮನೆಯವರಿಗೂ ಆದ ನಷ್ಟ.

ಇನ್ನು ಸಾರ್ವಜನಿಕ ಜೀವನದ ದೊಡ್ಡವರ ವಿಷಯ. ಈ ತತ್ವವನ್ನು ಅತಿ ಹೆಚ್ಚು ಸಲ ಉಚ್ಚರಿಸುವವರು ಅವರೇ. ‘ಇದು ಬರೀ ಆರೋಪ, ಕೋರ್ಟಿನಲ್ಲಿದೆ, ರಾಜೀನಾಮೆ ಯಾಕೆ?’ ನಾನು ಒಪ್ಪುವುದಿಲ್ಲ. ಈ ತತ್ವ ಕಾಯುವುದು ಮನುಷ್ಯನ ಸ್ವಾತಂತ್ರ್ಯವನ್ನು, ಕುರ್ಚಿಯನ್ನಲ್ಲ. ಮಂತ್ರಿಗಿರಿ ಯಾರ ಹಕ್ಕೂ ಅಲ್ಲ. ಹವಾಲಾ ಪ್ರಕರಣದಲ್ಲಿ ಹೆಸರು ಬಂದಾಗ ಅಡ್ವಾಣಿಯವರು 1996ರಲ್ಲಿ ಲೋಕಸಭಾ ಸದಸ್ಯತ್ವ ಬಿಟ್ಟರು. ಮರುವರ್ಷ ಹೈಕೋರ್ಟ್ ಆರೋಪವನ್ನು ತೆಗೆದುಹಾಕಿತು. ಲೋಕಾಯುಕ್ತರ ಗಣಿ ವರದಿಯ ನಂತರ ಯಡಿಯೂರಪ್ಪನವರು 2011ರ ಜುಲೈನಲ್ಲಿ ಮುಖ್ಯಮಂತ್ರಿ ಸ್ಥಾನ ಬಿಟ್ಟರು, ಬಿಡದೆ ಬೇರೆ ದಾರಿಯೂ ಇರಲಿಲ್ಲ. 2016ರಲ್ಲಿ ಸಿಬಿಐ ವಿಶೇಷ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿತು. ಪೊಲೀಸ್ ಅಧಿಕಾರಿಯೊಬ್ಬರ ಆತ್ಮಹತ್ಯೆ ಪ್ರಕರಣದಲ್ಲಿ ರಾಜ್ಯದ ಸಚಿವ ಕೆ.ಜೆ. ಜಾರ್ಜ್ 2016ರ ಜುಲೈನಲ್ಲಿ ರಾಜೀನಾಮೆ ಕೊಟ್ಟರು, ಆರೋಪಕ್ಕೆ ಆಧಾರವಿಲ್ಲವೆಂದು ಸಿಐಡಿ ಬಿ-ರಿಪೋರ್ಟ್ ಹಾಕಿದ ಮೇಲೆ ಸೆಪ್ಟೆಂಬರಿನಲ್ಲೇ ಸಂಪುಟಕ್ಕೆ ಮರಳಿದರು. ಕುರ್ಚಿ ಬಿಟ್ಟವರಿಗೆ ಮರಳುವ ದಾರಿ ಇತ್ತು ಎಂಬುದಷ್ಟೇ ನನ್ನ ಮಾತು. ಅಂಥ ದಾರಿ ಇಲ್ಲದವರು ಜೈಲಿನಲ್ಲಿದ್ದಾರೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ 2022ರ ಲೆಕ್ಕದಂತೆ ದೇಶದ ಜೈಲುಗಳಲ್ಲಿದ್ದವರು 5,73,220 ಮಂದಿ. ಅವರಲ್ಲಿ 4,34,302 ಮಂದಿ ವಿಚಾರಣಾಧೀನರು. ಕಾನೂನಿನ ಕಣ್ಣಲ್ಲಿ ಇವರೆಲ್ಲ ನಿರಪರಾಧಿಗಳು. ಜಾಮೀನು ಸಿಕ್ಕಿಯೂ, ಪಹಣಿ ತಂದು ಶ್ಯೂರಿಟಿ ನಿಲ್ಲುವ ಒಬ್ಬ ನೆಂಟನಿಲ್ಲದೆ ಒಳಗೇ ಉಳಿದವರನ್ನು ಇಲ್ಲಿರುವ ಪ್ರತಿ ವಕೀಲರೂ ಬಲ್ಲಿರಿ.

ಹಾಗಾದರೆ ಆರೋಪಿಗಳ ಹೆಸರನ್ನೇ ಮುಚ್ಚಿಡೋಣವೇ? ಇದು ಕಾಣುವಷ್ಟು ಸುಲಭದ ಪ್ರಶ್ನೆಯಲ್ಲ. ಬಂಧಿತರ ಹೆಸರು, ವಿಳಾಸ, ಆರೋಪಗಳನ್ನು ಪ್ರತಿ ಠಾಣೆಯಲ್ಲೂ ಜಿಲ್ಲಾ ಕೇಂದ್ರದಲ್ಲೂ ಎದ್ದು ಕಾಣುವಂತೆ ಪ್ರದರ್ಶಿಸಬೇಕು, ಡಿಜಿಟಲ್ ರೂಪದಲ್ಲೂ ಪ್ರದರ್ಶಿಸಬಹುದು ಎಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 37ನೇ ಕಲಮು ಹೇಳುತ್ತದೆ. ಮೊದಲ ಓದಿಗೆ ಇದು ಊರ ಮುಂದೆ ಮಾನ ಕಳೆಯುವ ಕಲಮು ಅನ್ನಿಸಿತು. ಆದರೆ ಮಗನನ್ನು ಯಾವ ಠಾಣೆಗೆ ಒಯ್ದರು ಎಂದು ಗೊತ್ತಾಗದೆ ಮೂರು ಠಾಣೆ ಅಲೆದ ತಾಯಿಯನ್ನು ಕೇಳಿದರೆ ಆ ಫಲಕ ಎಷ್ಟು ಬೇಕೆಂದು ಹೇಳುತ್ತಾಳೆ. ಗುಟ್ಟಾಗಿ ಹಿಡಿದಿಟ್ಟಷ್ಟೂ ಲಾಕಪ್ಪು ಅಪಾಯಕಾರಿ. ಹನೀಫ್ ಅವರನ್ನು ಉಳಿಸಿದ್ದು ಕೂಡ ಗುಟ್ಟಲ್ಲ, ಪೂರ್ತಿ ಬಯಲಾದ 142 ಪುಟ. ಆದ್ದರಿಂದ ಮುಚ್ಚಿಡುವುದನ್ನು ನಾನು ಕೇಳುತ್ತಿಲ್ಲ. ಹೆಸರು ಹೇಳಿ, ಯಾವ ಕಲಮಿನಡಿ ಬಂಧಿಸಿದ್ದೀರಿ ಹೇಳಿ, ಅಲ್ಲಿಗೆ ನಿಲ್ಲಿಸಿ. ಅವನು ಏನು ಒಪ್ಪಿಕೊಂಡ, ಯಾಕೆ ಮಾಡಿದ, ಅವನ ಹೆಂಡತಿ ಹೇಗಿದ್ದಳು ಎಂಬುದು ಪೊಲೀಸರು ಹಂಚುವ ಸರಕಲ್ಲ.

ಪತ್ರಿಕೋದ್ಯಮ ವಿದ್ಯಾರ್ಥಿಗಳಿಗೆ ಒಂದು ಕೆಲಸ ಹೇಳಿ ಮುಗಿಸುತ್ತೇನೆ. ನೀವು ಯಾವುದೇ ಪತ್ರಿಕೆ ಸೇರಿದರೂ, ಬಂಧನದ ಸುದ್ದಿ ಬರೆದ ದಿನವೇ ಒಂದು ನೋಟುಬುಕ್ಕಿನಲ್ಲಿ ಠಾಣೆ ಮತ್ತು ಅಪರಾಧ ಸಂಖ್ಯೆ ಬರೆದಿಡಿ. ಪ್ರಕರಣ ಕೋರ್ಟಿಗೆ ಬಂದಾಗ ಅದಕ್ಕೆ ಹದಿನಾರು ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಸಿಗುತ್ತದೆ. ಇ-ಕೋರ್ಟ್ಸ್ ಆ್ಯಪಿನಲ್ಲಿ ಅದನ್ನು ಹಾಕಿದರೆ ಮುಂದಿನ ತಾರೀಖು ಯಾವಾಗ, ತೀರ್ಪಾಯಿತೇ ಎಂಬುದು ಫೋನಿನಲ್ಲೇ ಕಾಣುತ್ತದೆ, ಒಂದು ಪೈಸೆ ಖರ್ಚಿಲ್ಲ. ತಿಂಗಳಿಗೊಮ್ಮೆ ನೋಡಿ. ಬಂಧನವನ್ನು ಮುಖಪುಟದಲ್ಲಿ ಹಾಕಿದ್ದರೆ ಖುಲಾಸೆಯನ್ನೂ ಮುಖಪುಟದಲ್ಲೇ ಹಾಕಿ ಎಂದು ಸಂಪಾದಕರ ಹತ್ತಿರ ಜಗಳವಾಡಿ. ಶಿಕ್ಷೆಯಾದರೆ ಅದನ್ನೂ ಬರೆಯಿರಿ. ‘ಹಳೆ ಸುದ್ದಿ’ ಎಂದು ಅವರು ಪಕ್ಕಕ್ಕೆ ಸರಿಸಿದರೆ, ಮೊದಲ ದಿನದ ನಿಮ್ಮದೇ ವರದಿಯ ಕತ್ತರಿಕೆಯನ್ನು ಮೇಜಿನ ಮೇಲಿಡಿ.

ಪ್ರಶ್ನೆಗಳಿದ್ದರೆ ಕೇಳಬಹುದು. ಪೊಲೀಸ್ ಇಲಾಖೆಯವರು ಇಬ್ಬರು ಬಂದಿದ್ದಾರೆಂದು ಸಂಘಟಕರು ಹೇಳಿದರು; ಮೊದಲ ಪ್ರಶ್ನೆ ಅವರದಾಗಲಿ.